ದಾಂಡೇಲಿಗಿಂತ ಮೊದಲು ಮಾಗಡಿ ಕೆರೆ

ಪತ್ರ: ಡಿಸೆಂಬರಿನಲ್ಲಿ ಮಕ್ಕಳೊಂದಿಗೆ ದಾಂಡೇಲಿ ಸಫಾರಿಗೆ ಹೋಗಿದ್ದೆವು. 20 ಪಟ್ಟು ದೊಡ್ಡದಾಗಿ ತೋರಿಸುವ ಹೊಸ ಬೈನಾಕ್ಯುಲರ್ ಇತ್ತು. ನವಿಲು, ಕಾಡುಕೋಳಿ ಬಿಟ್ಟರೆ ಏನೂ ಕಾಣಲಿಲ್ಲ. ಎಲ್ಲಿ ತಪ್ಪಿತು?
– ಓದುಗರೊಬ್ಬರು, ಹುಬ್ಬಳ್ಳಿ

ಸಂಪಾದಕರ ಉತ್ತರ: ಹಕ್ಕಿಗಳಿದ್ದವು, ಜೀಪು ನಿಲ್ಲಲಿಲ್ಲ ಅಷ್ಟೆ. ಅಣಶಿ ರಾಷ್ಟ್ರೀಯ ಉದ್ಯಾನ ಮತ್ತು ದಾಂಡೇಲಿ ಅಭಯಾರಣ್ಯ ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸಫಾರಿಗೆ ಹೋದವರು ವಾಹನದಿಂದ ಇಳಿಯುವಂತಿಲ್ಲ. ಚಾಲಕರ ಕಣ್ಣು ಹುಲಿ, ಕಾಟಿಯ ಮೇಲೆ. ಕಾಡಿನ ಸಣ್ಣ ಹಕ್ಕಿಗಳಾದರೋ ಹಲವು ಜಾತಿಯವು ಕೂಡಿ ಹುಳ ಹಿಡಿಯುತ್ತ ಮರದಿಂದ ಮರಕ್ಕೆ ಸಾಗುತ್ತವೆ. ಅರ್ಧ ತಾಸು ಸದ್ದೇ ಇರುವುದಿಲ್ಲ, ಆಮೇಲೆ ಒಂದೇ ಮರದಲ್ಲಿ ಹತ್ತು ಬಗೆ, ಐದು ನಿಮಿಷದಲ್ಲಿ ಮತ್ತೆ ಖಾಲಿ. ಬಾಲದಿಂದ ಎರಡು ಉದ್ದ ತಂತಿ ಇಳಿಬಿಟ್ಟ ಭೀಮರಾಜ ಹಕ್ಕಿ ಕಂಡರೆ ಸುತ್ತಲ ಕೊಂಬೆಗಳನ್ನು ನೋಡಿ, ಗುಂಪು ಅಲ್ಲೇ ಇರುತ್ತದೆ.

ಕಲಿಯುವವರಿಗೆ ಇದು ಕಷ್ಟದ ಜಾಗ. ಮೊದಲು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಗದಗದಿಂದ ಸುಮಾರು 26 ಕಿ.ಮೀ., ನಿಮಗೆ ಲಕ್ಷ್ಮೇಶ್ವರದ ದಾರಿ ಅನುಕೂಲ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಈ ಕೆರೆಗೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಮಕ್ಕಳೂ ತಪ್ಪದೆ ಗುರುತಿಸುತ್ತಾರೆ. ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಸುತ್ತಲಿನ ಹಿಂಗಾರಿ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳಿ ವಿಶ್ರಮಿಸುತ್ತವೆ. ಹಾಗಾಗಿ ನಸುಕಿನಲ್ಲೇ ದಂಡೆಯಲ್ಲಿರಿ. ಬಿಸಿಲೇರಿದರೆ ನೀರಿನ ಮೇಲಿನ ಗಾಳಿ ನಡುಗಿ ದೂರದ ಹಕ್ಕಿ ಕದಡಿದಂತೆ ಕಾಣುತ್ತದೆ, ಎಷ್ಟು ದುಬಾರಿ ಬೈನಾಕ್ಯುಲರ್ ಇದ್ದರೂ ಅದಕ್ಕೆ ಮದ್ದಿಲ್ಲ. ಸೂರ್ಯ ಬೆನ್ನಿಗಿರುವ ಕಡೆ ನಿಲ್ಲಿ. ಏರಿಯ ನೆತ್ತಿಯ ಮೇಲೆ ಸಾಲಾಗಿ ನಡೆಯಬೇಡಿ, ಆಕಾಶಕ್ಕೆ ಎದುರಾಗಿ ನಿಮ್ಮ ಆಕೃತಿ ಅವಕ್ಕೆ ದೂರದಿಂದಲೇ ಕಾಣುತ್ತದೆ. ಕತ್ತು ಬಗ್ಗಿಸಿಕೊಂಡಿದ್ದ ಹೆಬ್ಬಾತುಗಳು ಒಂದೊಂದಾಗಿ ಕತ್ತು ನೆಟ್ಟಗೆ ಎತ್ತತೊಡಗಿದರೆ ನೀವು ಹೆಚ್ಚು ಹತ್ತಿರ ಬಂದಿರಿ ಎಂದೇ ಅರ್ಥ. ಅಲ್ಲೇ ಕುಳಿತುಬಿಡಿ. ಬೆಳೆಯಲ್ಲಿ ಕಾಲಿಡುವುದಂತೂ ಬೇಡ.

ಇನ್ನು ಬೈನಾಕ್ಯುಲರ್. 20 ಪಟ್ಟು ಅಂದರೆ ಕೈನಡುಕವೂ 20 ಪಟ್ಟು. ಸ್ಟ್ಯಾಂಡಿಗೆ ಕಟ್ಟಿದರೆ ಕೆರೆಗೆ ಆದೀತು, ಕಾಡಿಗೆ ಆಗದು. 8×42 ಸಾಕು: 8 ಪಟ್ಟು, ಮುಂದಿನ ಗಾಜಿನ ಅಗಲ 42 ಮಿ.ಮೀ. ಕೊಂಡವರಲ್ಲಿ ಹೆಚ್ಚಿನವರು ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡೇ ಇರುವುದಿಲ್ಲ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ದೂರದ ಬೋರ್ಡಿನ ಅಕ್ಷರ ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನಷ್ಟೇ ತಿರುಗಿಸಿ. ಉಂಗುರ ಯಾವ ಗೆರೆಗೆ ನಿಂತಿತು ನೆನಪಿಡಿ. ಮಕ್ಕಳ ಕೈಗೆ ಕೊಟ್ಟರೆ ಅದು ಸರಿದೇ ಸರಿಯುತ್ತದೆ. ಕನ್ನಡಕದವರು ಕಣ್ಣಿಗೆ ತಾಗುವ ರಬ್ಬರ್ ಬಟ್ಟಲನ್ನು ಹಿಂದಕ್ಕೆ ಮಡಚಬೇಕು, ಇಲ್ಲವಾದರೆ ಕಿಂಡಿಯಲ್ಲಿ ಇಣುಕಿದಂತಾಗುತ್ತದೆ. ಹಕ್ಕಿ ಕಂಡಾಗ ಅದರ ಮೇಲಿನ ದೃಷ್ಟಿ ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಕೈ ಕಡೆ ನೋಡಿದಿರೋ, ಹಕ್ಕಿ ತಪ್ಪಿತು.

ಕೆರೆಯಲ್ಲಿ ಕೈ ಪಳಗಿದ ಮೇಲೆ ಮತ್ತೆ ದಾಂಡೇಲಿ ಕಡೆ ಹೋಗಿ, ಈ ಸಲ ಗಣೇಶಗುಡಿಗೆ. ಅಲ್ಲಿ ಹಕ್ಕಿಗಳು ಸ್ನಾನಕ್ಕೆ ಇಳಿಯುವ ನೀರಿನ ತೊಟ್ಟಿಗಳೆದುರು ಮರೆಯಲ್ಲಿ ಕೂತು ನೋಡುವ ಏರ್ಪಾಟಿದೆ. ಬಣ್ಣದ ಅಂಗಿ ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ: ಎದುರಾಳಿ ಬಂತೆಂದು ಅದು ಮೇವು ಬಿಟ್ಟು ಅಲೆದಾಡುತ್ತದೆ. ಫೆಬ್ರುವರಿಯಿಂದ ಬೇಸಿಗೆಯುದ್ದಕ್ಕೂ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಗೂಡಿನಿಂದ ದೂರವಿರಿ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡು, ಬಿಟ್ಟ ಸೀಳಿನಲ್ಲಿ ಗಂಡು ತಂದುಕೊಡುವ ಹಣ್ಣನ್ನೇ ನಂಬಿರುತ್ತದೆ. ಗಂಡು ನಿಮ್ಮನ್ನು ಕಂಡು ಹಿಂಜರಿದಷ್ಟು ಹೊತ್ತೂ ಒಳಗಿನ ತಾಯಿ ಮರಿಗೆ ಉಪವಾಸ.