ಚಿಕಾನೊ ನಗೆಚಿತ್ರ ತಂಡ ಮತ್ತು ಧಾರವಾಡದ ಹುಡುಗಿ

ಪ್ರಶ್ನೆ: ನನ್ನ ಮಗಳು ಲಾಸ್ ಏಂಜಲೀಸ್‌ನಲ್ಲಿ ಸಿನಿಮಾ ನಿರ್ಮಾಣ ಓದುತ್ತಿದ್ದಾಳೆ. ಅವಳ ಐವರು ಸಹಪಾಠಿಗಳು ‘ಚಿಕಾನೊ’ ಹಾಸ್ಯಚಿತ್ರಗಳ ತಂಡವೊಂದನ್ನು ಕಟ್ಟುತ್ತಿದ್ದು, ಇವಳನ್ನೂ ಸೇರಲು ಕರೆದಿದ್ದಾರೆ. ಚಿಕಾನೊ ಎಂದರೆ ಯಾರು? ಕಷ್ಟ ಉಂಡ ಜನರ ಕಥೆಯನ್ನು ಹಾಸ್ಯ ಮಾಡಿದರೆ ಅದು ಹಗುರವಾಗುವುದಿಲ್ಲವೇ? ನಮ್ಮ ಹುಡುಗಿಗೆ ಅಲ್ಲಿ ಏನು ಕೆಲಸ?
– ಒಬ್ಬ ತಾಯಿ, ಧಾರವಾಡ

ಉತ್ತರ: ಅಮೆರಿಕದಲ್ಲಿ ನೆಲೆಸಿರುವ ಮೆಕ್ಸಿಕನ್ ಮೂಲದವರಲ್ಲಿ ಅನೇಕರು ತಮ್ಮನ್ನು ಚಿಕಾನೊ ಎಂದು ಕರೆದುಕೊಳ್ಳುತ್ತಾರೆ. ಒಂದು ಕಾಲಕ್ಕೆ ಹೀಯಾಳಿಕೆಯ ಮಾತಾಗಿದ್ದ ಈ ಹೆಸರನ್ನು 1960ರ ದಶಕದ ಯುವಜನ ಅಭಿಮಾನದಿಂದ ಎತ್ತಿಕೊಂಡರು. ಅವರೆಲ್ಲರನ್ನೂ ವಲಸಿಗರು ಎನ್ನುವುದು ತಪ್ಪಾಗುತ್ತದೆ. 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯವೂ ಸೇರಿದಂತೆ ವಿಶಾಲವಾದ ಭೂಭಾಗವನ್ನು ಮೆಕ್ಸಿಕೊ ಅಮೆರಿಕಕ್ಕೆ ಬಿಟ್ಟುಕೊಟ್ಟಾಗ, ಅಲ್ಲಿದ್ದ ಕುಟುಂಬಗಳು ಮನೆ ಬಿಟ್ಟು ಕದಲದೆಯೇ ಬೇರೊಂದು ದೇಶದವರಾದವು. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಎಂದು ಅವರು ಹೇಳುವುದು ಇದಕ್ಕೇ.

ಹಾಸ್ಯದ ಬಗ್ಗೆ ನಿಮಗಿರುವ ಆತಂಕ ಸಹಜವಾದದ್ದೇ. ಆದರೆ ಈ ಸಮುದಾಯದ ಹಾಸ್ಯ ಹುಟ್ಟಿದ್ದೇ ಕಷ್ಟದ ನಡುವೆ. 1965ರಲ್ಲಿ ಕ್ಯಾಲಿಫೋರ್ನಿಯದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೂಲಿಕಾರರು ಮುಷ್ಕರ ಹೂಡಿದ್ದಾಗ ಲೂಯಿಸ್ ವಾಲ್ಡೆಜ್ ಎಂಬ ತರುಣ ಅವರನ್ನೇ ನಟರನ್ನಾಗಿ ಮಾಡಿ, ಲಾರಿಯ ಹಲಗೆಯನ್ನೇ ರಂಗವಾಗಿಸಿ ಕಿರುಪ್ರಹಸನಗಳನ್ನು ಆಡಿಸಿದರು. ಯಾರು ಮುಷ್ಕರನಿರತ, ಯಾರು ಮುಷ್ಕರ ಮುರಿಯುವವನು ಎಂಬುದು ನಟರ ಕೊರಳಿನ ರಟ್ಟಿನ ಫಲಕದಿಂದಲೇ ತಿಳಿಯುತ್ತಿತ್ತು. ಅಂಥ ಒಂದು ಪ್ರಹಸನದಲ್ಲಿ ಹಂದಿಯ ಮುಖವಾಡ ಹಾಕಿಕೊಂಡ ಧಣಿ, ಚಿಂತೆಯಿಲ್ಲದ ಕೂಲಿಯ ಬಾಳೇ ವಾಸಿ ಎನ್ನುತ್ತ ಮುಖವಾಡವನ್ನು ಕಳಚಿ ಕೂಲಿಯವನಿಗೆ ಕೊಡುತ್ತಾನೆ. ಮುಖವಾಡ ತೊಟ್ಟ ಕೂಲಿ ಆಜ್ಞೆ ಮಾಡತೊಡಗುತ್ತಾನೆ; ಕೊನೆಗೆ ಧಣಿಯ ಸ್ವಂತ ಕಾವಲುಗಾರನೇ ಗುರುತು ಹಿಡಿಯದೆ ಅವನನ್ನು ಎಳೆದೊಯ್ಯುವಾಗ, ಧಣಿ ಮುಷ್ಕರದವರ ನೆರವಿಗಾಗಿ ಕೂಗಿಕೊಳ್ಳುತ್ತಾನೆ. ನೋಡುತ್ತ ನಿಂತವರು ಹಗಲೆಲ್ಲ ಅಂಥ ಧಣಿಗಳನ್ನು ಎದುರಿಸುತ್ತಿದ್ದವರು; ಅವರ ನಗುವನ್ನು ಹಗುರವೆಂದು ನನಗೆ ಕರೆಯಲಾಗದು. ಬೀದಿ ನಾಟಕಗಳನ್ನು ಕಂಡು ಬೆಳೆದ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಹಣವಿಲ್ಲ ಎಂಬ ಕೊರಗು ಈ ತಂಡಕ್ಕೂ ಬಂದೇ ಬರುತ್ತದೆ. ಆಗ ನಿಮ್ಮ ಮಗಳು ಅದೇ ಲಾಸ್ ಏಂಜಲೀಸ್‌ನ ಪೂರ್ವ ಭಾಗದಲ್ಲಿ 1970ರ ದಶಕದಲ್ಲಿದ್ದ ‘ಆಸ್ಕೊ’ ಗುಂಪನ್ನು ನೆನೆಯಲಿ. ಸ್ಪ್ಯಾನಿಷ್‌ನಲ್ಲಿ ಆಸ್ಕೊ ಎಂದರೆ ಹೇಸಿಗೆ, ವಾಕರಿಕೆ. ಆ ಕಲಾವಿದರು ವೇಷ ಕಟ್ಟಿ, ಬೀದಿಯಲ್ಲಿ ನಿಂತು, ಇಲ್ಲದ ಸಿನಿಮಾಗಳ ಸ್ಥಿರಚಿತ್ರಗಳನ್ನು ತೆಗೆದು, ನಿಜವಾದ ಚಿತ್ರದ ದೃಶ್ಯಗಳೆಂಬಂತೆ ಹಂಚಿದರು. ಅವಕ್ಕೆ ‘ನೋ ಮೂವಿ’ ಎಂದೇ ಹೆಸರಿಟ್ಟರು. ತಮ್ಮವರಿಗೆ ಹಾಲಿವುಡ್‌ನಲ್ಲಿ ಜಾಗವಿಲ್ಲ ಎಂಬ ಮಾತನ್ನು ಇದಕ್ಕಿಂತ ಚುರುಕಾಗಿ ಹೇಳಲು ಸಾಧ್ಯವೇ?

ಇನ್ನು ನಿಮ್ಮ ಹುಡುಗಿಯ ಪಾತ್ರ. ಡೆಲಾನೊ ಮುಷ್ಕರವನ್ನು 1965ರ ಸೆಪ್ಟೆಂಬರ್ 8ರಂದು ಮೊದಲು ಆರಂಭಿಸಿದವರು ಫಿಲಿಪಿನೊ ಕೂಲಿಕಾರರು. ಮೆಕ್ಸಿಕನ್ ಮೂಲದ ಕೂಲಿಕಾರರ ಸಂಘ ಅವರ ಜೊತೆಗೂಡಿದ್ದು ಅದೇ ತಿಂಗಳ 16ರಂದು. ಆದ್ದರಿಂದ ಹೊರಗಿನವಳೆಂಬ ಸಂಕೋಚ ಅವಳಿಗೆ ಬೇಡ. ಆದರೆ ಸಹಪಾಠಿಗಳ ಅಜ್ಜಿಯ ಬಗ್ಗೆ, ಅವರು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಬೆರೆಸಿ ಆಡುವ ಮಾತಿನ ಬಗ್ಗೆ ನಗೆ ಬರೆಯುವ ಹಕ್ಕು ಅವರದ್ದೇ ಆಗಿರಲಿ. ಮೊದಲ ಚಿತ್ರಗಳಲ್ಲಿ ಇವಳು ಧ್ವನಿಗ್ರಹಣವನ್ನೋ ಸಂಕಲನವನ್ನೋ ವಹಿಸಿಕೊಳ್ಳುವುದು ಒಳ್ಳೆಯದು. ಮಾತಿನ ಕೊನೆಯ ಅಕ್ಷರ ಕೇಳಿಸದಿದ್ದರೆ, ಅಥವಾ ಮಾತಿನ ನಂತರದ ಮೌನವನ್ನು ಅರೆಕ್ಷಣ ಮೊದಲೇ ಕತ್ತರಿಸಿದರೆ, ಎಂಥ ಹಾಸ್ಯವೂ ನೆಲಕಚ್ಚುತ್ತದೆ. ಕಿವಿ ಪಳಗಿದ ಮೇಲೆ ನಿರ್ದೇಶನದ ಸರದಿ ಅವಳಿಗೂ ಬರಲಿ.

ಚಿತ್ರೀಕರಣಕ್ಕೆ ಮೊದಲೇ ಎಲ್ಲರೂ ಸಹಿ ಹಾಕಿದ ಒಂದು ಪತ್ರ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಚಿತ್ರದ ಹಕ್ಕು ಯಾರದು, ತಂಡ ಬಿಟ್ಟವರ ಹೆಸರು ಉಳಿಯುತ್ತದೆಯೇ, ಬಹುಮಾನದ ಹಣ ಹೇಗೆ ಹಂಚಿಕೆಯಾಗಬೇಕು ಎಂಬುದು ಅದರಲ್ಲಿರಲಿ. ವಿದ್ಯಾರ್ಥಿ ಚಿತ್ರಗಳ ಹಕ್ಕಿನ ಬಗ್ಗೆ ಒಂದೊಂದು ಕಾಲೇಜಿನ ನಿಯಮ ಒಂದೊಂದು ರೀತಿ ಇರುವುದರಿಂದ, ಅದನ್ನೂ ಮೊದಲೇ ಓದಿಕೊಳ್ಳಲಿ. ಸ್ನೇಹಿತರ ನಡುವೆ ಕಾಗದವೇಕೆ ಎಂದು ಸುಮ್ಮನಿದ್ದ ತಂಡವೊಂದರಲ್ಲಿ ನಾನೂ ಇದ್ದೆ. ಚಿತ್ರ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಇಬ್ಬರು ಮಾತು ಬಿಟ್ಟಿದ್ದರು.

ಅವಳದ್ದೇ ಕಥೆ ಬೇಕೆನಿಸಿದಾಗ ಹುಡುಕಲು ಒಂದು ಜಾಗವಿದೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಕ್ಯಾಲಿಫೋರ್ನಿಯದ ಹೊಲಗಳಲ್ಲಿ ದುಡಿಯಲು ಹೋದ ಪಂಜಾಬಿ ಗಂಡಸರಲ್ಲಿ ಅನೇಕರು, ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೆ, ಇಂಪೀರಿಯಲ್ ಕಣಿವೆಯಲ್ಲೂ ಯೂಬಾ ಸಿಟಿಯ ಸುತ್ತಲೂ ಮೆಕ್ಸಿಕನ್ ಮೂಲದ ಹೆಂಗಸರನ್ನು ಮದುವೆಯಾದರು. ನಮ್ಮ ರೊಟ್ಟಿಯೂ ಮೆಕ್ಸಿಕನ್ನರ ತೆಳು ರೊಟ್ಟಿಯಾದ ತೋರ್ತಿಯವೂ ಒಂದೇ ಒಲೆಯ ಮೇಲೆ ಬೇಯುವ ಅಡುಗೆಮನೆಯಲ್ಲಿ ಅತ್ತೆಯೊಬ್ಬಳು ಕಾಲಿಟ್ಟರೆ ಏನಾದೀತು ಎಂಬ ಹತ್ತು ನಿಮಿಷದ ಚಿತ್ರವನ್ನು ಇವಳೂ ಆ ಐವರೂ ಸೇರಿ ಬರೆಯಬಹುದು.