ಮೂರೇ ಸಬ್ಜೆಕ್ಟ್, ಯಾವ ಮೂರು?

ನಾಲ್ಕು ಬೇಡ, ಮೂರು ಸಾಕು. ನೀವು ಕೇಳಿದ ಉಳಿದ ಪ್ರಶ್ನೆಗಳೆಲ್ಲ ಇದರ ಮೇಲೇ ನಿಂತಿವೆ, ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನೀವು ಬರೆದಿದ್ದು ಇಷ್ಟು. ಹೋದ ವರ್ಷ ಬೇಸಿಗೆಯಲ್ಲಿ ಮೈಸೂರಿನಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿರಿ. ಮಗಳು ಈಗ ಇಯರ್ 11, ಅಂದರೆ ನಮ್ಮ ಹತ್ತನೇ ಕ್ಲಾಸಿನಷ್ಟು. ಸಿಕ್ಸ್ತ್ ಫಾರ್ಮ್ (ಇಯರ್ 12 ಮತ್ತು 13, ನಮ್ಮ ಪಿಯುಸಿ ಥರ) ಅರ್ಜಿಯಲ್ಲಿ, ಆ ಎರಡು ವರ್ಷ ಓದುವ ಎ ಲೆವೆಲ್ ಸಬ್ಜೆಕ್ಟ್‌ಗಳನ್ನು ಜನವರಿಯೊಳಗೆ ಬರೆದು ಕೊಡಬೇಕು. ಅವಳು ಒಂದು ದಿನ ಡಾಕ್ಟರ್ ಅನ್ನುತ್ತಾಳೆ, ಇನ್ನೊಂದು ದಿನ ಎಕನಾಮಿಕ್ಸ್. ಹಿಸ್ಟರಿ ಕ್ಲಾಸ್ ಅಂದರೆ ಪ್ರಾಣ. ಯಜಮಾನರು ಕಂಪ್ಯೂಟರ್ ಸೈನ್ಸ್ ಆದರೆ ಸೇಫ್ ಅನ್ನುತ್ತಾರೆ. "ಊರಲ್ಲಿದ್ದಿದ್ದರೆ ಪಿಸಿಎಂಬಿ ಕೊಡಿಸಿ ಎರಡು ವರ್ಷ ಆರಾಮಾಗಿ ಇರಬಹುದಿತ್ತು. ಇಲ್ಲೂ ಅದೇ ನಾಲ್ಕು ತಗೊಂಡರೆ ಆಗಲ್ವಾ ಅಕ್ಕ?" ಅಂತ ಕೇಳಿದ್ದೀರಿ.

ಆಗುತ್ತದೆ, ಕೆಲವು ಶಾಲೆಗಳು ಬಿಡುತ್ತವೆ. ಆದರೆ ಲಾಭ ಕಡಿಮೆ. ಇಲ್ಲಿನ ಯೂನಿವರ್ಸಿಟಿಗಳು ಆಫರ್ ಕೊಡುವುದು ಸಾಮಾನ್ಯವಾಗಿ ಮೂರು ಗ್ರೇಡ್‌ಗಳ ಲೆಕ್ಕದಲ್ಲಿ. ಎಎಎ ಬೇಕು, ಎಎಬಿ ಬೇಕು ಅಂತ. ನಾಲ್ಕನೆಯದು ಇದ್ದರೆ ಶಹಬ್ಬಾಸ್ ಅನ್ನಬಹುದು, ಅಷ್ಟೇ. ಅದರ ಭಾರಕ್ಕೆ ಉಳಿದ ಮೂರರಲ್ಲಿ ಎರಡು ಎ ಹೋಗಿ ಬಿ ಆದರೆ ಯಾರೂ ಪಾಪ ಅನ್ನುವುದಿಲ್ಲ. ಒಂದೊಂದು ಎ ಲೆವೆಲ್‌ಗೆ ಎರಡು ವರ್ಷದಲ್ಲಿ ಸುಮಾರು 360 ಗಂಟೆ ಪಾಠ ಇರುತ್ತದೆ. ಮನೆಯಲ್ಲಿ ಓದುವುದು ಬೇರೆ. ನಮ್ಮಲ್ಲಿ ಸೆಕೆಂಡ್ ಪಿಯುಸಿ ಪರೀಕ್ಷೆಗೆ ಫಸ್ಟ್ ಪಿಯುಸಿ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದೆವು, ಇಲ್ಲಿ ಹಾಗಿಲ್ಲ. 2015ರಿಂದ ಹಂತಹಂತವಾಗಿ ಪದ್ಧತಿ ಬದಲಾಯಿಸಿ, ಎರಡೂ ವರ್ಷದ ಪಾಠವನ್ನು ಇಯರ್ 13ರ ಕೊನೆಯಲ್ಲಿ ಒಟ್ಟಿಗೆ ಕೇಳುತ್ತಾರೆ.

ನಾಲ್ಕಕ್ಕೆ ಒಂದು ನ್ಯಾಯವಾದ ಕಾರಣ ಇದೆ, ಅದು ಫರ್ದರ್ ಮ್ಯಾಥ್ಸ್, ಅಂದರೆ ಮ್ಯಾಥ್ಸ್ ಜೊತೆಗೆ ಓದುವ ಇನ್ನೂ ಮೇಲಿನ ಮ್ಯಾಥ್ಸ್. ಮ್ಯಾಥ್ಸ್ ಅಂದರೆ ಊಟ ಬಿಡುವ ಮಕ್ಕಳಿಗೆ, ಕೇಂಬ್ರಿಜ್, ಇಂಪೀರಿಯಲ್ ಥರದ ಕಡೆ ಮ್ಯಾಥ್ಸ್ ಅಥವಾ ಎಂಜಿನಿಯರಿಂಗ್ ಓದುವ ಆಸೆ ಇರುವವರಿಗೆ. ನಿಮ್ಮ ಮಗಳ ವಿಷಯದಲ್ಲಿ ಆ ಸುಳಿವು ನನಗೆ ಕಾಣಲಿಲ್ಲ. ಮೂರರ ಜೊತೆ ಇನ್ನೇನಾದರೂ ಮಾಡಲೇಬೇಕು ಅನ್ನಿಸಿದರೆ ಇಪಿಕ್ಯೂ ಅಂತ ಒಂದು ಪ್ರಾಜೆಕ್ಟ್ ಇದೆ. ತನಗೆ ಬೇಕಾದ ವಿಷಯದ ಮೇಲೆ ತಾನೇ ಹುಡುಕಿ ಬರೆಯುವುದು. ಯೂನಿವರ್ಸಿಟಿ ಅರ್ಜಿಯ ಲೆಕ್ಕದಲ್ಲಿ ಅರ್ಧ ಎ ಲೆವೆಲ್‌ನಷ್ಟು ಪಾಯಿಂಟ್ ಅದಕ್ಕೆ. ಹಿಸ್ಟರಿ ಬಿಡಬೇಕಾಗಿ ಬಂದರೆ ಆ ಹಸಿವನ್ನು ಅಲ್ಲಿ ತೀರಿಸಿಕೊಳ್ಳಬಹುದು.

ಈಗ ಮುಖ್ಯ ವಿಷಯ. "ಅವಳಿಗೇನೂ ಗೊತ್ತಿಲ್ಲ, ಎಲ್ಲ ದಾರಿ ತೆರೆದಿಡಬೇಕು" ಅಂತ ಬರೆದಿದ್ದೀರಿ. ಗೊತ್ತಿಲ್ಲ ಅನ್ನುವ ಮಕ್ಕಳನ್ನು ಕೂರಿಸಿ ಕೇಳಿದರೆ ಅವರ ತಲೆಯಲ್ಲಿ ನೂರು ದಾರಿ ಇರುವುದಿಲ್ಲ. ಮೂರೋ ನಾಲ್ಕೋ ಇರುತ್ತವೆ. ನಿಮ್ಮ ಪತ್ರದಲ್ಲೇ ನಾಲ್ಕು ಇವೆ: ಮೆಡಿಸಿನ್, ಎಕನಾಮಿಕ್ಸ್, ಹಿಸ್ಟರಿ, ಕಂಪ್ಯೂಟರ್. ಜಗತ್ತಿನ ಎಲ್ಲ ದಾರಿಗಳ ಚಿಂತೆ ಬಿಡಿ. ಈ ನಾಲ್ಕು ಏನೇನು ಕೇಳುತ್ತವೆ ಅಂತ ಪಕ್ಕಪಕ್ಕ ಬರೆದು ನೋಡಿ.

ಮೆಡಿಸಿನ್‌ಗೆ ಕೆಮಿಸ್ಟ್ರಿ ಇಲ್ಲದೆ ಹೆಚ್ಚುಕಡಿಮೆ ನಡೆಯುವುದೇ ಇಲ್ಲ. ಬಹಳಷ್ಟು ಕಡೆ ಬಯಾಲಜಿಯನ್ನೂ ಕೇಳುತ್ತಾರೆ. ಮೂರನೆಯದು ಬಹುಪಾಲು ನಿಮ್ಮಿಷ್ಟ. ಹಿಸ್ಟರಿ ಇದ್ದರೂ ಯಾರೂ ಮೂಗು ಮುರಿಯುವುದಿಲ್ಲ. ಇದನ್ನು ನಮ್ಮವರು ನಂಬುವುದೇ ಕಷ್ಟ. ಎಕನಾಮಿಕ್ಸ್ ಡಿಗ್ರಿಗೆ ಒಳ್ಳೆಯ ಕಡೆಗಳಲ್ಲಿ ಬೇಕಾಗುವುದು ಮ್ಯಾಥ್ಸ್. ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್) ಇರಲಿ, ಕೇಂಬ್ರಿಜ್ ಇರಲಿ, ಮ್ಯಾಥ್ಸ್ ಇಲ್ಲದೆ ಆಗುವುದಿಲ್ಲ. ಎಕನಾಮಿಕ್ಸ್ ಎ ಲೆವೆಲ್ಲೇ ಬೇಕು ಅಂತ ಇಲ್ಲ. ಕಂಪ್ಯೂಟರ್ ಸೈನ್ಸ್ ಕಥೆಯೂ ಹಾಗೇ. ಮ್ಯಾಥ್ಸ್ ಬೇಕು, ಕಂಪ್ಯೂಟರ್ ಸೈನ್ಸ್ ಎ ಲೆವೆಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೆಚ್ಚಿನ ಕಡೆ ತೊಂದರೆ ಇಲ್ಲ. ಹಿಸ್ಟರಿ ಡಿಗ್ರಿಗೆ ಹಿಸ್ಟರಿಯನ್ನೇ ಕೇಳುವವರು ಜಾಸ್ತಿ. ಕೆಲವರು ಪ್ರಬಂಧ ಬರೆಯುವ ಬೇರೆ ಸಬ್ಜೆಕ್ಟ್ ಇದ್ದರೂ ಒಪ್ಪುತ್ತಾರೆ.

ಗಮನಿಸಿದಿರಾ, ಈ ನಾಲ್ಕರಲ್ಲಿ ಎಲ್ಲೂ ಫಿಸಿಕ್ಸ್ ಬರಲಿಲ್ಲ. ಫಿಸಿಕ್ಸ್ ಬೇಕಾಗುವುದು ಮುಖ್ಯವಾಗಿ ಎಂಜಿನಿಯರಿಂಗ್‌ಗೆ ಮತ್ತು ಫಿಸಿಕ್ಸ್‌ಗೇ. ಪಿಸಿಎಂಬಿ ಅಂದಾಗ ಮೊದಲ ಅಕ್ಷರ ಅದೇ ಆದ್ದರಿಂದ ನಮಗೆ ಅದಿಲ್ಲದೆ ಸೈನ್ಸೇ ಅಲ್ಲ ಅನ್ನಿಸುತ್ತದೆ. ಅವಳು ಎಂಜಿನಿಯರಿಂಗ್ ಹೆಸರು ಎತ್ತಿಲ್ಲ ಅಂದಮೇಲೆ ನೀವೂ ಎತ್ತಬೇಡಿ. ಒಂದು ವೇಳೆ ತಗೊಂಡರೆ ಮ್ಯಾಥ್ಸ್ ಜೊತೆಗೇ ತಗೊಳ್ಳಲಿ. ಮ್ಯಾಥ್ಸ್ ಬಿಟ್ಟು ಫಿಸಿಕ್ಸ್ ಮಾತ್ರ ಓದಿದರೆ ಫಿಸಿಕ್ಸ್ ಡಿಗ್ರಿಗೂ ಸೇರಿಸಿಕೊಳ್ಳುವುದಿಲ್ಲ.

ಹಾಗಾಗಿ ನಿಮ್ಮ ಮನೆಗೆ ಮೂರು ಜೋಡಣೆಗಳು ಉಳಿಯುತ್ತವೆ.

ಮ್ಯಾಥ್ಸ್, ಕೆಮಿಸ್ಟ್ರಿ, ಬಯಾಲಜಿ ತಗೊಂಡರೆ ಮೆಡಿಸಿನ್, ಡೆಂಟಿಸ್ಟ್ರಿ, ಫಾರ್ಮಸಿ, ಎಕನಾಮಿಕ್ಸ್, ಕಂಪ್ಯೂಟರ್ ಎಲ್ಲ ಉಳಿಯುತ್ತವೆ. ಲಾ ಕೂಡ, ಯಾಕೆಂದರೆ ಲಾ ಡಿಗ್ರಿಗೆ ಇಂಥದ್ದೇ ಸಬ್ಜೆಕ್ಟ್ ಬೇಕು ಅಂತ ಸಾಮಾನ್ಯವಾಗಿ ಕೇಳುವುದಿಲ್ಲ. ಹೋಗುವುದು ಹಿಸ್ಟರಿ. ಮ್ಯಾಥ್ಸ್, ಕೆಮಿಸ್ಟ್ರಿ, ಹಿಸ್ಟರಿ ತಗೊಂಡರೆ ಎಕನಾಮಿಕ್ಸ್, ಕಂಪ್ಯೂಟರ್, ಹಿಸ್ಟರಿ, ಲಾ ಉಳಿಯುತ್ತವೆ, ಮೆಡಿಸಿನ್ ಬಹಳ ಕಿರಿದಾಗುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಹಿಸ್ಟರಿ ತಗೊಂಡರೆ ಮೆಡಿಸಿನ್ ಬಹುಪಾಲು ಉಳಿದು, ಯಜಮಾನರ ಕಂಪ್ಯೂಟರ್ ಹೋಗುತ್ತದೆ, ಜೊತೆಗೆ ಒಳ್ಳೆಯ ಕಡೆಯ ಎಕನಾಮಿಕ್ಸ್ ಕೂಡ.

ಯಾವ ಸಬ್ಜೆಕ್ಟ್ ಒಳ್ಳೆಯದು ಅಂತ ಕೇಳಬೇಡಿ ಅವಳನ್ನು. ಈ ಮೂರನ್ನೂ ಮುಂದಿಟ್ಟು, ಯಾವುದು ಕೈಬಿಟ್ಟರೆ ಹೊಟ್ಟೆ ಉರಿಯುತ್ತದೆ ಅಂತ ಕೇಳಿ. ನನ್ನ ಮಗಳು ಹೀಗೆ ಕೇಳಿದಾಗ ಐದು ನಿಮಿಷದಲ್ಲಿ ಉತ್ತರ ಕೊಟ್ಟಳು. ಅದಕ್ಕೆ ಮೊದಲು ತಿಂಗಳುಗಟ್ಟಲೆ "ಗೊತ್ತಿಲ್ಲ ಅಮ್ಮ" ಅಂತಲೇ ಇದ್ದಳು. ಅವಳು ಆರಿಸಿಕೊಂಡದ್ದು ಬಯಾಲಜಿ, ಕೆಮಿಸ್ಟ್ರಿ, ಹಿಸ್ಟರಿ. ಇಲ್ಲಿನ ಕನ್ನಡ ಬಳಗದ ದೀಪಾವಳಿ ಕಾರ್ಯಕ್ರಮದಲ್ಲಿ ಅದನ್ನು ಕೇಳಿದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಮ್ಯಾಥ್ಸ್ ಬಿಡಿಸಿದ್ದೀಯಲ್ಲಮ್ಮ ಅಂತ ಸಂತಾಪ ಸೂಚಿಸಿದರು!

ನಿಮಗೂ ಅಂಥ ಸಲಹೆಗಳು ಸಿಗುತ್ತವೆ. ಅದರಲ್ಲಿ ಒಂದು "ಫೆಸಿಲಿಟೇಟಿಂಗ್ ಸಬ್ಜೆಕ್ಟ್ಸ್" ಪಟ್ಟಿ. ರಸೆಲ್ ಗ್ರೂಪ್ ಅನ್ನುವ 24 ಯೂನಿವರ್ಸಿಟಿಗಳ ಕೂಟ ಹಿಂದೆ ಅಂಥದ್ದೊಂದು ಪಟ್ಟಿ ಮಾಡಿತ್ತು: ಮ್ಯಾಥ್ಸ್, ಇಂಗ್ಲಿಷ್ ಲಿಟರೇಚರ್, ಸೈನ್ಸ್‌ಗಳು, ಹಿಸ್ಟರಿ, ಜಿಯಾಗ್ರಫಿ, ಭಾಷೆಗಳು. ಇವನ್ನು ತಗೊಂಡರೆ ಹೆಚ್ಚು ಕೋರ್ಸ್‌ಗಳಿಗೆ ಅರ್ಜಿ ಹಾಕಬಹುದು ಅನ್ನುವ ಅರ್ಥದಲ್ಲಿ. ಜನ ಅದನ್ನು ಒಳ್ಳೆಯ ಜಾತಿ, ಕೀಳು ಜಾತಿ ಅನ್ನುವ ಹಾಗೆ ಓದಿದರು. 2019ರಲ್ಲಿ ಅವರೇ ಅದನ್ನು ಕೈಬಿಟ್ಟರು. ಈಗ ಇರುವುದು "ಇನ್ಫಾರ್ಮ್ಡ್ ಚಾಯ್ಸಸ್" ಅನ್ನುವ ಅವರ ವೆಬ್‌ಸೈಟ್. ಮೂರು ಸಬ್ಜೆಕ್ಟ್ ಒತ್ತಿದರೆ ಯಾವ ಡಿಗ್ರಿಗೆಲ್ಲ ಹೋಗಬಹುದು ಅಂತ ತೋರಿಸುತ್ತದೆ. ಒಂದು ಸಂಜೆ ಮಗಳ ಜೊತೆ ಕೂತು ಒತ್ತಿ ನೋಡಿ.

ಇಲ್ಲಿಗೆ ಬಂದು ಸ್ವಲ್ಪವೇ ಕಾಲ ಆಗಿರುವ ಮಕ್ಕಳಿಗೆ ಬೇರೆಯದೇ ಒಂದು ತೊಡಕು ಇದೆ. ಫ್ರೆಂಚ್‌ನಂಥದ್ದನ್ನು ಜಿಸಿಎಸ್‌ಇಯಲ್ಲಿ (ಇಯರ್ 11ರ ಕೊನೆಯ ಪರೀಕ್ಷೆ) ಓದದೆ ಎ ಲೆವೆಲ್‌ಗೆ ಶುರು ಮಾಡುವುದು ಕಷ್ಟ. ಕನ್ನಡದಲ್ಲಿ ಜಿಸಿಎಸ್‌ಇಯೂ ಇಲ್ಲ, ಎ ಲೆವೆಲ್ಲೂ ಇಲ್ಲ. ಗುಜರಾತಿ, ಪಂಜಾಬಿ, ಬಂಗಾಳಿಯವರಿಗೆ ಆ ಭಾಗ್ಯ ಇದೆ. ಆದರೆ ಸೈಕಾಲಜಿ, ಸೋಷಿಯಾಲಜಿ, ಪಾಲಿಟಿಕ್ಸ್, ಎಕನಾಮಿಕ್ಸ್ ಇವನ್ನು ಹೆಚ್ಚಿನವರು ಎ ಲೆವೆಲ್‌ನಲ್ಲೇ ಮೊದಲಿನಿಂದ ಶುರು ಮಾಡುತ್ತಾರೆ. ಅಲ್ಲಿ ಅವಳೂ ಬೇರೆಯವರೂ ಒಂದೇ ಗೆರೆಯ ಮೇಲೆ. ಒಂದು ಎಚ್ಚರ ಮಾತ್ರ: ಹೆಸರು ಚೆನ್ನಾಗಿದೆ ಅಂತ ಸೈಕಾಲಜಿ ತಗೊಂಡು, ಒಳಗಿನ ಸ್ಟಾಟಿಸ್ಟಿಕ್ಸ್ ನೋಡಿ ಗಾಬರಿಯಾಗುವ ಮಕ್ಕಳಿದ್ದಾರೆ. ಪರೀಕ್ಷೆಯ ಬಗೆಯನ್ನೂ ನೋಡಿ. ಹಿಸ್ಟರಿಯಲ್ಲಿ 20 ಪರ್ಸೆಂಟ್ ಮನೆಯಲ್ಲಿ ಬರೆಯುವ ದೀರ್ಘ ಪ್ರಬಂಧಕ್ಕೆ. ಆರ್ಟ್‌ನಲ್ಲಿ 60 ಪರ್ಸೆಂಟ್ ವರ್ಷವಿಡೀ ಮಾಡುವ ಕೆಲಸಕ್ಕೆ. ಮೂರಕ್ಕೆ ಮೂರೂ ಅಂಥವೇ ಆದರೆ ಇಯರ್ 13ರಲ್ಲಿ ನಿದ್ದೆ ಇಲ್ಲ.

ಇನ್ನು ಯಾರೂ ನಿಮಗೆ ಹೇಳದ ವಿಷಯ, ದುಡ್ಡಿನದು. ನೀವು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದಿದ್ದೀರಿ. ಮಗಳು ಯೂನಿವರ್ಸಿಟಿ ಸೇರುವ ಹೊತ್ತಿಗೆ ನಿಮಗೆ ಇಲ್ಲಿ ನಾಲ್ಕು ವರ್ಷ ಆಗಿರುತ್ತದೆ. ಇಂಗ್ಲೆಂಡಿನಲ್ಲಿ ಹೋಮ್ ಫೀ (ಇಲ್ಲಿನವರಿಗಿರುವ ಕಡಿಮೆ ಫೀ) ಸಿಗಬೇಕಾದರೆ ಸಾಮಾನ್ಯವಾಗಿ ಅವಳಿಗೆ ಮೂರು ವರ್ಷದ ವಾಸವೂ ಬೇಕು, ಕೋರ್ಸ್ ಶುರುವಾಗುವ ದಿನ ಐಎಲ್‌ಆರ್ (ಇಲ್ಲೇ ಶಾಶ್ವತವಾಗಿ ನೆಲೆಸುವ ಅನುಮತಿ) ಕೂಡ ಕೈಯಲ್ಲಿರಬೇಕು. ಐಎಲ್‌ಆರ್‌ಗೆ ಕನಿಷ್ಠ ಐದು ವರ್ಷ ಅಂತಿತ್ತು, ಅದನ್ನೂ ಹೆಚ್ಚಿಸುವ ಮಾತು ನಡೆದಿದೆ. 2025-26ರಲ್ಲಿ ಹೋಮ್ ಫೀ ವರ್ಷಕ್ಕೆ ಹೆಚ್ಚೆಂದರೆ 9,535 ಪೌಂಡ್. ಹೊರದೇಶದವರ ಫೀ ಅದರ ಎರಡು ಮೂರು ಪಟ್ಟು, ಮೆಡಿಸಿನ್ ಆದರೆ ಹಲವು ಕಡೆ 40 ಸಾವಿರ ದಾಟುತ್ತದೆ. ಸ್ಟೂಡೆಂಟ್ ಲೋನ್ ಕೂಡ ಸಿಗುವುದಿಲ್ಲ. ಈ ಲೆಕ್ಕವನ್ನು ಇಯರ್ 13ರಲ್ಲಿ ಹಾಕುವುದಲ್ಲ, ಈಗಲೇ ಹಾಕಿ. ಹೆದರಿಸಲು ಹೇಳುತ್ತಿಲ್ಲ. ಒಂದು ವರ್ಷ ಗ್ಯಾಪ್ ತಗೊಂಡರೆ ಅನುಕೂಲವಾಗುತ್ತದಾ ಅಂತ ನೋಡಲಾದರೂ ಸಮಯ ಬೇಕಲ್ವಾ?

ಈ ಲೆಕ್ಕದಿಂದಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ಡಿಗ್ರಿಗೆ ಊರಿಗೆ ಕಳಿಸುವ ಯೋಚನೆ ನಿಜವಾಗಿಯೂ ಇದೆಯಾ? ಇದ್ದರೆ ಆಟವೇ ಬದಲು. ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು. ಇಲ್ಲಿ ಮೆಡಿಸಿನ್‌ಗೆ ಕಡ್ಡಾಯವಲ್ಲದ ಫಿಸಿಕ್ಸ್ ಅಲ್ಲಿ ಇಲ್ಲದೆ ಆಗುವುದಿಲ್ಲ. ಆ ಮೂರು ತಗೊಂಡರೆ ಇಲ್ಲಿನ ಎಕನಾಮಿಕ್ಸ್, ಕಂಪ್ಯೂಟರ್ ಎರಡೂ ಹೋದಂತೆ, ಯಾಕೆಂದರೆ ಮ್ಯಾಥ್ಸ್ ಇಲ್ಲ. ಎ ಲೆವೆಲ್ ಮಾಡಿದವರು ಅಲ್ಲಿನ ಕಾಲೇಜಿಗೆ ಎಐಯು (ಭಾರತದ ಯೂನಿವರ್ಸಿಟಿಗಳ ಒಕ್ಕೂಟ) ಕೊಡುವ ಈಕ್ವಿವಲೆನ್ಸ್ ಸರ್ಟಿಫಿಕೇಟನ್ನೂ ತೋರಿಸಬೇಕಾಗುತ್ತದೆ. ಅದಲ್ಲದೆ ನೀಟ್ ಸಿಲಬಸ್, ಕೋಚಿಂಗ್ ಎಲ್ಲ ಬೇರೆ ಲೋಕ. ಗಂಡ ಹೆಂಡತಿ ಕೂತು ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. "ಬೇಕಾದರೆ ಇರಲಿ" ಅಂತ ಸುಮ್ನೆ ಫಿಸಿಕ್ಸ್ ಸೇರಿಸುವುದು ಅವಳ ಮೇಲೆ ಅನ್ಯಾಯ.

ಇಯರ್ 13ಕ್ಕೆ ಬಂದರೂ ತೀರ್ಮಾನ ಆಗದಿದ್ದರೆ? ಆಗಲೂ ಮುಳುಗುವುದೇನಿಲ್ಲ. ಸ್ಕಾಟ್ಲೆಂಡಿನಲ್ಲಿ ಡಿಗ್ರಿ ನಾಲ್ಕು ವರ್ಷ. ಎಡಿನ್‌ಬರೋ, ಗ್ಲಾಸ್ಗೋ, ಸೇಂಟ್ ಆಂಡ್ರೂಸ್‌ನಲ್ಲಿ ಮೊದಲ ಎರಡು ವರ್ಷ ಬೇರೆ ಬೇರೆ ಸಬ್ಜೆಕ್ಟ್ ಸೇರಿಸಿಕೊಂಡು ಓದುವ ಅವಕಾಶ ಹಲವು ಕೋರ್ಸ್‌ಗಳಲ್ಲಿದೆ. ಲಂಡನ್ನಿನ ಯುಸಿಎಲ್‌ನಲ್ಲಿ 2012ರಿಂದ ಆರ್ಟ್ಸ್ ಅಂಡ್ ಸೈನ್ಸಸ್ ಅನ್ನುವ ಡಿಗ್ರಿ ಇದೆ, ನಿಮ್ಮ ಮಗಳಂಥವರಿಗೇ ಮಾಡಿದ ಹಾಗೆ. ಬೇಕಾದ ಸಬ್ಜೆಕ್ಟ್ ಇಲ್ಲದವರಿಗೆ ಎಂಜಿನಿಯರಿಂಗ್ ಮುಂತಾದವುಗಳಲ್ಲಿ ಫೌಂಡೇಷನ್ ಇಯರ್ ಕೊಡುವ ಯೂನಿವರ್ಸಿಟಿಗಳೂ ಇವೆ. ಬೇರೆ ಡಿಗ್ರಿ ಮುಗಿಸಿ ನಾಲ್ಕು ವರ್ಷದ ಗ್ರಾಜುಯೇಟ್ ಎಂಟ್ರಿ ಮೆಡಿಸಿನ್‌ಗೆ ಹೋದವರೂ ಇದ್ದಾರೆ. ಸುತ್ತುದಾರಿ, ಖರ್ಚಿನ ದಾರಿ, ಆದರೆ ದಾರಿ.

ಮೆಡಿಸಿನ್, ಡೆಂಟಿಸ್ಟ್ರಿಗೆ, ಮತ್ತೆ ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಯಾವ ಕೋರ್ಸ್‌ಗಾದರೂ, ಬೇಗ ಮನಸ್ಸು ಮಾಡಬೇಕು. ಉಳಿದವಕ್ಕೆ ಜನವರಿ ತನಕ ಸಮಯ ಇದ್ದರೆ, ಇವಕ್ಕೆ ಇಯರ್ 13ರ ಅಕ್ಟೋಬರ್ 15ಕ್ಕೇ ಯುಕ್ಯಾಸ್ ಅರ್ಜಿ (ಯೂನಿವರ್ಸಿಟಿಗಳಿಗೆಲ್ಲ ಒಟ್ಟಿಗೆ ಹಾಕುವ ಅರ್ಜಿ) ಹೋಗಬೇಕು. ಮೆಡಿಸಿನ್ ಆದರೆ ಅದಕ್ಕೂ ಮೊದಲು ಯುಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ. ಅಂದರೆ ಅವಳ ಕೈಯಲ್ಲಿ ಇಯರ್ 12 ಒಂದೇ ವರ್ಷ.

ಈಗ ಅರ್ಜಿಯ ವಿಷಯ. ಜನವರಿಯಲ್ಲಿ ಬರೆದದ್ದು ಶಿಲಾಶಾಸನ ಅಲ್ಲ. ಆಗಸ್ಟಿನಲ್ಲಿ ಜಿಸಿಎಸ್‌ಇ ರಿಸಲ್ಟ್ ಬಂದ ಮೇಲೆ ಸೇರುವ ದಿನ ಸಬ್ಜೆಕ್ಟ್ ಬದಲಾಯಿಸಲು ಸಾಮಾನ್ಯವಾಗಿ ಬಿಡುತ್ತಾರೆ, ಸೆಪ್ಟೆಂಬರಿನ ಮೊದಲ ವಾರಗಳಲ್ಲೂ ಸೀಟ್ ಇದ್ದರೆ ಬಿಡುತ್ತಾರೆ. ಆದರೆ ಎರಡು ಅಡ್ಡಿ ಇವೆ. ಒಂದು, ಗ್ರೇಡ್. ಮ್ಯಾಥ್ಸ್, ಸೈನ್ಸ್‌ಗೆ ಜಿಸಿಎಸ್‌ಇಯಲ್ಲಿ 6 ಅಥವಾ 7 (ಎಲ್ಲಕ್ಕಿಂತ ಮೇಲಿನದು 9) ಬೇಕು ಅನ್ನುವ ಶಾಲೆಗಳು ಬಹಳ. ಅವಳು ಓದುತ್ತಿರುವುದು ಟ್ರಿಪಲ್ ಸೈನ್ಸಾ (ಮೂರು ಸೈನ್ಸ್ ಬೇರೆ ಬೇರೆ), ಕಂಬೈನ್ಡಾ (ಮೂರೂ ಒಟ್ಟಿಗೆ ಸೇರಿಸಿದ್ದು) ಅಂತ ನೋಡಿಕೊಳ್ಳಿ. ಕಂಬೈನ್ಡ್ ಆದರೂ ಎ ಲೆವೆಲ್ ಮಾಡಬಹುದು, ಶಾಲೆ ಕೇಳುವ ಗ್ರೇಡ್ ಬರಬೇಕು ಅಷ್ಟೇ. ಇನ್ನೊಂದು, ಟೈಮ್‌ಟೇಬಲ್. ಸಬ್ಜೆಕ್ಟ್‌ಗಳನ್ನು ಬ್ಲಾಕ್ ಅಂತ ವಿಂಗಡಿಸಿರುತ್ತಾರೆ. ಕೆಮಿಸ್ಟ್ರಿ ಮತ್ತು ಹಿಸ್ಟರಿ ಒಂದೇ ಬ್ಲಾಕಿನಲ್ಲಿ ಬಿದ್ದರೆ ಎರಡೂ ಸಿಗುವುದಿಲ್ಲ. ಸಣ್ಣ ಶಾಲೆಗಳಲ್ಲಿ ಇದು ಜಾಸ್ತಿ, ದೊಡ್ಡ ಸಿಕ್ಸ್ತ್ ಫಾರ್ಮ್ ಕಾಲೇಜುಗಳಲ್ಲಿ ಕಡಿಮೆ. ಅದಕ್ಕೇ ಇರುವ ಶಾಲೆಯ ಜೊತೆ ಇನ್ನೊಂದು ಕಡೆಗೂ ಅರ್ಜಿ ಹಾಕಿಡಿ. ಕಾಸು ಖರ್ಚಿಲ್ಲ.

ನನ್ನ ಓಟು ಕೇಳಿದಿರಿ. ಮೂರೂ ಸಮ ಅಂತ ಅವಳು ಹೇಳಿದರೆ ಮ್ಯಾಥ್ಸ್, ಕೆಮಿಸ್ಟ್ರಿ, ಬಯಾಲಜಿ ಬರೆಸಿ, ಹಿಸ್ಟರಿ ಇಪಿಕ್ಯೂಗೆ. ಆದರೆ ಹಿಸ್ಟರಿ ಬಿಡುವ ಮಾತಿಗೆ ಮುಖ ಸಪ್ಪೆಯಾಯಿತೋ, ನನ್ನ ಓಟು ವಾಪಸ್. ಇಷ್ಟವಿಲ್ಲದ ಬಯಾಲಜಿಯಲ್ಲಿ ಬಿ ತೆಗೆಯುವುದಕ್ಕಿಂತ ಹಿಸ್ಟರಿಯಲ್ಲಿ ಎ ತೆಗೆಯುವುದು ಮೇಲು.

ಶಾಲೆಯವರು ಕೊಟ್ಟ ಬ್ಲಾಕ್ ಪಟ್ಟಿಯ ಫೋಟೋ ಮತ್ತು ಅವಳ ಮಾಕ್ ಪರೀಕ್ಷೆಯ ಗ್ರೇಡ್ ಕಳಿಸಿ. ಓಪನ್ ಈವ್ನಿಂಗ್‌ಗೆ ಹೋಗುವ ಮುಂಚೆ ಕಳಿಸಿದರೆ, ಅಲ್ಲಿ ಟೀಚರ್‌ಗಳನ್ನು ಏನು ಕೇಳಬೇಕು ಅಂತ ಫೋನಿನಲ್ಲಿ ಮಾತಾಡೋಣ. ಅವಳನ್ನೂ ಕೂರಿಸಿಕೊಳ್ಳಿ.