ಒಂದು ಗೋಡೆ, ಆರಡಿ ಹಲಗೆ, ಎಂಟು ಅದಿರು ವ್ಯಾಗನ್

ಕೊಪ್ಪಳದ ಬಾಡಿಗೆ ಮನೆಯಲ್ಲಿ ಒಂದೇ ಗೋಡೆ ಖಾಲಿ ಇದೆ, ಕೆಲಸದಿಂದ ಬಂದ ಮೇಲೆ ತಲೆ ಹಗುರಾಗುವಂಥ ಮಾಡೆಲ್ ರೈಲು ಅಲ್ಲಿ ಕೂರುತ್ತದೆಯೇ ಎಂದು ಕೇಳಿದ್ದೀರಿ. ಕೂರುತ್ತದೆ, ಆದರೆ ಸುತ್ತು ಹೊಡೆಯುವ ರೈಲಿನ ಆಸೆ ಬಿಡಿ. ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, ನಮ್ಮ ಐಸಿಎಫ್ (ಚೆನ್ನೈ ಕಾರ್ಖಾನೆಯ ಮಾದರಿ) ಪ್ರಯಾಣಿಕರ ಬೋಗಿಯೇ 25 ಸೆಂ.ಮೀ. ಉದ್ದ. ಅದು ಚಂದವಾಗಿ ತಿರುಗಲು 60 ಸೆಂ.ಮೀ. ತ್ರಿಜ್ಯವಾದರೂ ಬೇಕು, ಎಂದರೆ ನಾಲ್ಕಡಿಗೂ ಮೀರಿದ ಅಗಲದ ಮೇಜು. ಅಷ್ಟು ಮಾಡಿದರೂ ಸುತ್ತುವ ರೈಲು ಹತ್ತು ನಿಮಿಷಕ್ಕೆ ಬೇಸರ ತರಿಸುತ್ತದೆ.

ನನ್ನ ಸಲಹೆ ಶಂಟಿಂಗ್ ಹಲಗೆ, ಅಂದರೆ ವ್ಯಾಗನ್‌ಗಳನ್ನು ಹಿಂದೆ ಮುಂದೆ ಆಡಿಸಿ ಬೇಕಾದ ಕ್ರಮಕ್ಕೆ ಜೋಡಿಸುವ ಆಟ. ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ಇಂಗಲ್‌ನುಕ್ ಎಂಬ ನಕ್ಷೆಗೆ ಎರಡೇ ಪಾಯಿಂಟ್ (ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು) ಸಾಕು. ಮೂರು ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ: ಒಂದರಲ್ಲಿ 5 ವ್ಯಾಗನ್ ಹಿಡಿಯಬೇಕು, ಉಳಿದೆರಡರಲ್ಲಿ ತಲಾ 3. ಆಚೆ ತುದಿಯ ಹಳಿಯಲ್ಲಿ ಎಂಜಿನ್ ಜೊತೆ 3 ವ್ಯಾಗನ್ ಮಾತ್ರ ನಿಲ್ಲಬೇಕು, ಹೆಚ್ಚು ಜಾಗ ಕೊಟ್ಟರೆ ಆಟವೇ ಕೆಡುತ್ತದೆ. ಎಂಟು ವ್ಯಾಗನ್‌ಗೂ ಒಂದೊಂದು ಚೀಟಿ ಬರೆದು ಐದನ್ನು ಎತ್ತಿ, ಅದೇ ಕ್ರಮದಲ್ಲಿ ಉದ್ದನೆಯ ಸೈಡಿಂಗ್‌ನಲ್ಲಿ ರೇಕ್ (ವ್ಯಾಗನ್ ಸಾಲು) ಕಟ್ಟಬೇಕು. ಒಟ್ಟು 6,720 ಕ್ರಮ ಸಾಧ್ಯ. ಮನಸ್ಸು ಆಫೀಸಿನಿಂದ ಆಚೆ ಬರುವುದು ಇಲ್ಲೇ, ಮೂರು ನಡೆ ಮುಂದಿನದನ್ನು ಲೆಕ್ಕ ಹಾಕುವಾಗ ಬೇರೆ ಯೋಚನೆಗೆ ಎಡೆ ಇರುವುದಿಲ್ಲ.

ನಮ್ಮ ಅದಿರಿನ ಸೀಮೆಗೆ ಮೇಲೆ ತೆರೆದಿರುವ ಬಾಕ್ಸ್‌ಎನ್ ವ್ಯಾಗನ್ ಬಿಟ್ಟು ಬೇರೆ ಬೇಕೇ? ಕಪ್ಲರ್ (ಜೋಡಿಸುವ ಕೊಂಡಿ) ಸೇರಿ ಅದರ ಉದ್ದ 10.7 ಮೀ., ಮಾಡೆಲ್‌ನಲ್ಲಿ 12.3 ಸೆಂ.ಮೀ. ಐದಕ್ಕೆ 62 ಸೆಂ.ಮೀ. ಪಾಯಿಂಟ್‌ಗಳನ್ನೂ ಸೇರಿಸಿ ಇಡೀ ನಕ್ಷೆ ಆರಡಿ ಉದ್ದ, ಒಂದಡಿ ಅಗಲದ 12 ಮಿ.ಮೀ. ಪ್ಲೈವುಡ್ ಮೇಲೆ ಕೂರುತ್ತದೆ. ಕೆಳಗೆ ರೀಪಿನ ಚೌಕಟ್ಟು ಕೊಡದಿದ್ದರೆ ಒಂದು ಬೇಸಿಗೆಗೇ ಹಲಗೆ ಸೊಟ್ಟಗಾಗುತ್ತದೆ. ಖಾಲಿ ವ್ಯಾಗನ್ ತೀರ ಹಗುರ, ಹಿಂದಕ್ಕೆ ತಳ್ಳುವಾಗ ಪಾಯಿಂಟ್ ಮೇಲೆ ಹಳಿ ತಪ್ಪುತ್ತದೆ. ಸೀಸದ ಅಥವಾ ಕಬ್ಬಿಣದ ತುಂಡು ಒಳಗೆ ಅಂಟಿಸಿ ಪ್ರತಿಯೊಂದನ್ನೂ 95ರಿಂದ 100 ಗ್ರಾಂಗೆ ತನ್ನಿ.

ವೈರಿಂಗ್‌ನಲ್ಲಿ ಹೆಚ್ಚಿನವರು ಸೋಲುವುದು ಫ್ರಾಗ್, ಅಂದರೆ ಪಾಯಿಂಟ್‌ನಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ಜಾಗದ ಹತ್ತಿರ. ಲೋಹದ ಫ್ರಾಗ್ ಇರುವ ಪಾಯಿಂಟ್ ತೆಗೆದುಕೊಂಡರೆ, ಫ್ರಾಗ್‌ನಿಂದ ಹೊರಡುವ ಎರಡು ಹಳಿಗೂ ಪ್ಲಾಸ್ಟಿಕ್ ಜಾಯಿನರ್ (ಹಳಿ ತುಂಡು ಕೂಡಿಸುವ ಪಟ್ಟಿ) ಹಾಕಿ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ ಫ್ರಾಗ್‌ಗೆ ಈ ತೊಂದರೆ ಇಲ್ಲ, ಆದರೆ ನಿಧಾನಕ್ಕೆ ಓಡಿಸುವಾಗ ಸಣ್ಣ ಎಂಜಿನ್ ಅದರ ಮೇಲೇ ನಿಂತುಬಿಡುತ್ತದೆ. ಪ್ರತಿ ಹಳಿ ತುಂಡಿಗೂ ಕೆಳಗಿನಿಂದ ಒಂದೊಂದು ವೈರ್ ಬೆಸುಗೆ ಹಾಕಿ. ಬರೀ ಜಾಯಿನರ್ ನಂಬಿದರೆ ಧೂಳು ಕೂತು ಕರೆಂಟ್ ಹರಿಯುವುದೇ ನಿಲ್ಲುತ್ತದೆ. ಬೆಸುಗೆ ಮಾಡುವಾಗ ಪಕ್ಕದ ಸ್ಲೀಪರ್ ಕರಗದಂತೆ ಎರಡೂ ಬದಿಗೆ ಒದ್ದೆ ಹತ್ತಿ ಇಡಿ. ಬೇಸಿಗೆಯ ಕಾವಿಗೆ ಹಳಿ ಹಿಗ್ಗುತ್ತದೆ. ಜೋಡಣೆಗಳಲ್ಲಿ ಅರ್ಧ ಮಿ.ಮೀ. ಸಂದು ಬಿಡಿ.

ನೆಲಕ್ಕೆ ಮಸಾರಿ ಮಣ್ಣನ್ನೇ ತೆಳುಬಟ್ಟೆಯಲ್ಲಿ ಸೋಸಿ ಬಳಸಬಹುದು. ಆದರೆ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರೊಳಗೆ ನಾಲ್ಕಾರು ಸಲ ಆಡಿಸಿ. ಅಂಟಿಬರುವ ಕಪ್ಪು ಕಣಗಳು ಎಂಜಿನ್ ಮೋಟಾರಿನ ಅಯಸ್ಕಾಂತಕ್ಕೆ ಹೋಗಿ ಕೂತರೆ ಮೋಟಾರ್ ಸತ್ತಂತೆ. ಇದೇ ಕಾರಣಕ್ಕೆ ನಿಜವಾದ ಅದಿರನ್ನು ವ್ಯಾಗನ್‌ಗೆ ತುಂಬಬೇಡಿ. ಥರ್ಮೋಕೋಲ್ ಕತ್ತರಿಸಿ, ಮೇಲೆ ಬಣ್ಣ ಹಚ್ಚಿದ ಮರಳು ಅಂಟಿಸಿ. ಅಂಚಿನವರೆಗೆ ತುಂಬಿದರೆ ನೋಡಿದವರು ನಗುತ್ತಾರೆ: ಅದಿರು ಭಾರ, ಅಸಲಿ ಬಾಕ್ಸ್‌ಎನ್‌ನಲ್ಲಿ ಅರ್ಧಕ್ಕಿಂತ ಕೆಳಗೇ ತೂಕದ ಮಿತಿ ಮುಟ್ಟುತ್ತದೆ.

ಜಲ್ಲಿ ಹರಡಿದ ಮೇಲೆ ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಿರಿಂಜ್‌ನಲ್ಲಿ ಬಿಡಿ. ಪಾಯಿಂಟ್‌ನ ಚಲಿಸುವ ಹಳಿಗಳ ಬಳಿ ಮಾತ್ರ ಅಂಟು ಬೇಡ. ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು, ಮರಳು ಕಾಗದ ಉಜ್ಜಿದರೆ ಗೀರುಗಳಲ್ಲಿ ಧೂಳು ಇನ್ನಷ್ಟು ಕೂರುತ್ತದೆ. ಆಟ ಮುಗಿದೊಡನೆ ಹಲಗೆ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿಡಿ.